ಬಾಯಿಯ ಕೆಳಗಿನ ಅಂಗೈ

ಥೂ, ಒದ್ದೆಯಾಗಿ ಹೊಳೆಯುತ್ತಿದೆಯಲ್ಲ ಅದು, ಅಂಗೈ, ಹುಡುಗನ ಗದ್ದದ ಕೆಳಗೆ ಬಟ್ಟಲಿನಂತೆ ಬಾಗಿ ನಿಂತ ಕೆಲಸದಾಕೆಯ ಅಂಗೈ, ಅದರೊಳಗೆ ಈಗಷ್ಟೇ ಬಿದ್ದ ಕಿತ್ತಳೆ ಬೀಜ, ಬೀಜದ ಸುತ್ತ ನೊರೆ ನೊರೆ ಎಂಜಲು — ಮೇಜಿನ ಮೇಲೆ ತಟ್ಟೆಗಳಿಲ್ಲವೇ, ಒಂದು ದಂಡಿಗೆ ಊಟ ಹಾಕುವಷ್ಟಿವೆ, ಆದರೂ ಹುಡುಗ ತಲೆಯೆತ್ತದೆ ಉಗುಳಿದ, ಪುಟ ತಿರುವಿದ, ಎಂಥ ಕಂಠ ಅವನದು, ಕಲ್ಲೂ ಕರಗಿ ಕಾಲುವೆಯಾಗಿ ಹರಿದೀತು, ಓದುತ್ತಿರುವುದಾದರೂ ಏನು, ದರ್ಜಿ ಕೂತು ಎದ್ದ ಕುರ್ಚಿಯನ್ನು ಜಮೀನ್ದಾರ ಅವನ ಕಣ್ಣೆದುರೇ ಒರೆಸುವ ಹಳೆಯ ಕಾದಂಬರಿಯ ಅಧ್ಯಾಯ, ಹುಡುಗಿಯ ಸೋದರತ್ತೆಯೇ ಇವನನ್ನು ಪರೀಕ್ಷಿಸಲೆಂದು ಆರಿಸಿಕೊಟ್ಟದ್ದು, ಎಷ್ಟು ಅಸಹ್ಯ ಅಲ್ವಾ ಅತ್ತೆ, ಮನುಷ್ಯರನ್ನ ಹೀಗೆ ನೋಡ್ತಿದ್ರಲ್ಲ, ಎನ್ನುವಾಗ ಅವನ ಕಣ್ಣು ನಿಜಕ್ಕೂ ತುಂಬಿ ಬಂತು, ಕಣ್ಣು ತುಂಬಿದರೆ ಬಾಯಿ ಖಾಲಿಯಾಗಬೇಡವೇ, ಥುಪ್, ಮತ್ತೊಂದು ಬೀಜ — ಹಳೆಯ ಕಾದಂಬರಿಗಳನ್ನು ಅರೆದು ಕುಡಿದವಳು ಈ ಅತ್ತೆ, ಚಮಚ ಹಿಡಿದ ರೀತಿ ನೋಡಿಯೇ ಏಳು ತಲೆಮಾರಿನ ಬಂಡವಾಳ ಬಯಲಿಗೆಳೀತೀನಿ ಎಂದು ತಾನು ಪಾಠ ಹೇಳುವ ಕಾಲೇಜಿನ ಗೋಡೆ ಬಿರುಕು ಬಿಡುವಷ್ಟು ಕೊಚ್ಚಿಕೊಂಡವಳು, ಈ ಸಂಬಂಧ ಹುಡುಕಿದವಳೂ ಅವಳೇ, ಭೂಮಂಡಲವನ್ನೇ ಜರಡಿ ಹಿಡಿದೆ ಕಣೋ, ಉಳಿದದ್ದು ಇವನೊಬ್ಬನೇ ಅಂತ ಅಣ್ಣನಿಗೆ ಹೇಳಿದ್ದಳಲ್ಲ, ಹೇಳಿದ ನಾಲಿಗೆಗೆ ಬರೆ ಎಳೆಯಬೇಕು, ಪಕ್ಕದಲ್ಲಿ ಅಣ್ಣನ ಮಗಳು ಮಂಡಿಗೆ ಮಂಡಿ ತಾಗಿಸಿ ಕೂತಿದ್ದಾಳೆ, ಅತ್ತೆ, ನೀನು ಹೂಂ ಅಂದ್ರೆ ನಾನೂ ಹೂಂ, ನಿನ್ನ ಕಣ್ಣು ತಪ್ಪಲ್ಲ ಅಂದಿದ್ದಳು ಬರುವಾಗ, ಕಣ್ಣಂತೆ ಕಣ್ಣು, ಮೂರು ಸಲ ಈ ಮನೆಯಲ್ಲಿ ಚಹಾ ಕುಡಿದು, ಹುಡುಗ ಬಸಿ ಸದ್ದಾಗದಂತೆ ಕಪ್ಪಿಟ್ಟನೆಂದು ಹಿಗ್ಗಿ ಹೀರೇಕಾಯಿಯಾದ ಕಣ್ಣು —

ನೀವೂ ಬಾಯಿಗೆ ಹಾಕ್ಕೊಳಿ ಬೀಗಿತ್ತಿ, ಎನ್ನುತ್ತಿದ್ದಾರೆ ಹುಡುಗನ ತಾಯಿ, ಆಗಲೇ ಬೀಗಿತ್ತಿಯಂತೆ, ಅತ್ತೆ ಒಂದು ತೊಳೆ ಹಾಕಿಕೊಂಡಳು, ಹುಳಿ, ಹುಳಿಯ ನಡುವೆ ಬೀಜ, ಮುಖ ಹಿಂಡಿದ್ದು ಯಾರಿಗೂ ಕಾಣಲಿಲ್ಲ, ಕಂಡದ್ದು ಅವಳೊಬ್ಬಳಿಗೇ, ಆ ನಡುವಯಸ್ಸಿನ ಕೆಲಸದಾಕೆಗೆ, ಅವಳು ಬಂದಳು, ಸದ್ದಿಲ್ಲದೆ, ಗೋಡೆ ನೋಡುತ್ತಾ, ಅಂಗೈಯನ್ನು ಅತ್ತೆಯ ಗದ್ದದ ಕೆಳಗೆ ಹಿಡಿದಳು, ಹುಡುಗನ ಬೀಜಗಳು ಇನ್ನೂ ಬೆಚ್ಚಗಿವೆ ಅಲ್ಲಿ, ಉಗೀರಿ ಉಗೀರಿ, ಸಂಕೋಚ ಯಾಕೆ, ಅವಳಿರೋದೇ ಅದಕ್ಕೆ, ನಾಳೆ ನಿಮ್ಮ ಹುಡುಗಿಗೂ ಹೀಗೇ ಹಿಡೀತಾಳೆ, ರಾಣಿ ಹಾಗೆ ಇಟ್ಕೋತೀವಿ, ಎಂದು ಹುಡುಗನ ತಾಯಿ ನಕ್ಕರು, ಅಣ್ಣನ ಮಗಳ ಮಂಡಿ ಸರ್ರನೆ ದೂರ ಸರಿಯಿತು, ಅತ್ತೆ ಬೀಜ ಕಚ್ಚಿದಳು, ಕಹಿ, ಬೇವಿನ ಮರವನ್ನೇ ಬೇರುಸಹಿತ ಅಗಿದ ಕಹಿ, ನುಂಗಿದಳು, ಈ ಸಂಬಂಧ ಬೇಡ, ನಮ್ಮ ಹುಡುಗೀನ ಕೊಡಲ್ಲ, ಎಂದದ್ದು ತಾನೇ ಏನು, ಹೌದು, ತನ್ನದೇ ದನಿ, ಹುಡುಗ ಓದು ನಿಲ್ಲಿಸಿದ, ತಾಯಿಯ ನಗು ಹಲ್ಲಿನ ಮೇಲೇ ಒಣಗಿತು, ಅಣ್ಣನ ಮಗಳು ಎದ್ದಾಗಿದೆ, ಚಪ್ಪಲಿ ಹುಡುಕುತ್ತಿದ್ದಾಳೆ, ಏಳಬೇಕು, ಅತ್ತೆಯೂ ಏಳಬೇಕು, ಆದರೆ ಏಳುವುದು ಹೇಗೆ, ಗದ್ದದ ಕೆಳಗೆ ಅದು ಇನ್ನೂ ಇದೆ, ಕೆಲಸದಾಕೆಗೆ ಸಾಕು ಹೋಗು ಅಂದವರು ಯಾರೂ ಇಲ್ಲ, ಇದೆ, ಕಾಯುತ್ತಿದೆ, ಅಂಗೈ —