ಸೊನ್ನೆಯ ಟೇಪು

"ಸುಳ್ಳೇಳ್ತದೆ ಕಣ್ಲಾ ನಿನ್ನ ಮಿಷೀನು. ಕೆಳಗೆ ಬಂಡೆ ಸಿಡೀತಾ ಐತೆ, ನೀನಿಲ್ಲಿ ಫ್ಯಾನ್ ಕೆಳಗೆ ಕುಂತ್ಕೊಂಡು ಎಲ್ಲಾ ಶಾಂತ ಅಂತೀಯಾ?"

"ನಿಮ್ಮ ಕಿವಿಗಿಂತ ಇದಕ್ಕೆ ಚೆನ್ನಾಗಿ ಕೇಳುತ್ತೆ, ಅಶ್ವತ್ಥಪ್ಪಣ್ಣ," ಅಂದ ಕಂಪ್ಯೂಟರ್ ಕೋಣೆಯ ಕುಪ್ಪುಸ್ವಾಮಿ.

ಚಾಂಪಿಯನ್ ರೀಫ್ಸ್ ಕಡೆಯ ಆ ಚಿನ್ನದ ಗಣಿಯಲ್ಲಿ ನಾನು ಗ್ಯಾಂಗ್ ಮೇಸ್ತ್ರಿ. ಬಂಡೆ ಎಲ್ಲೆಲ್ಲಿ ಎಷ್ಟು ಅದುರಿತು ಎಂಬುದನ್ನು ಹಳೆಯ ಕಂಪ್ಯೂಟರು ಟೇಪಿಗೆ ಹಾಕುತ್ತಿತ್ತು. ಆ ವರ್ಷ ಬಂದ ಹೊಸದು ಟೇಪು ಓದಿ ಪಟ್ಟಿ ಅಚ್ಚು ಹಾಕುತ್ತಿತ್ತು. ಯಾರು ಎಲ್ಲಿ ಇಳಿಯಬೇಕೆಂದು ಸಾಹೇಬರು ಪಟ್ಟಿ ನೋಡಿಯೇ ಹೇಳುತ್ತಿದ್ದರು. ಪಟ್ಟಿಯ ಪ್ರಕಾರ ಮೂಡಣ ಸುರಂಗದಲ್ಲಿ ಅದುರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ಮರದ ಕಂಬಗಳು ನರಳುವುದನ್ನು ನಾನು ಕೇಳಿದ್ದೆ. ಇಳಿಯುವುದಿಲ್ಲ ಎಂದೆ. ನನ್ನ ತಮ್ಮ ಜಯರಾಮಪ್ಪ ನನ್ನ ಮುಖವನ್ನೂ ನೋಡದೆ ಗ್ಯಾಂಗನ್ನು ಕರೆದುಕೊಂಡು, ಇಳಿಯುವ ಮೊದಲು ದೀಪ ಪಡೆಯುವ ಸಾಲಿಗೆ ಹೋದ. ನಾನು ಸೀದಾ ಕಂಪ್ಯೂಟರ್ ಕೋಣೆಗೆ ಬಂದು ಕುಪ್ಪುಸ್ವಾಮಿಯ ಮೇಲೆ ಹರಿಹಾಯ್ದಿದ್ದೆ.

ಈ ಹೊಸದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೋ ಎಂದು ಕೇಳಿದೆ. ಕುಪ್ಪುಸ್ವಾಮಿಯೇ ಮಾಡಿದ್ದನಂತೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟು, ಆ ದಿನದ್ದೇ ಟೇಪು ಹಾಕಿ, ಹಳೆಯದು ಹೊಸದು ಎರಡರ ಲೆಕ್ಕವೂ ಒಂದೇ ಬಂತೆಂದು ಎಲ್ಲರಿಗೂ ಕಡಲೆಪುರಿ ಹಂಚಿದ್ದ. ಹೇಳುತ್ತಾ ಹೇಳುತ್ತಾ ಅವನಿಗೇ ಹೊಳೆಯಿತು. ಪೂಜೆಯ ದಿನ ಗಣಿಗೆ ರಜೆ, ಸಿಡಿಮದ್ದೂ ಇಲ್ಲ, ಅದುರೂ ಇಲ್ಲ. ಟೇಪಿನ ತುಂಬ ಬರೀ ಸೊನ್ನೆ.

ಬೇರೆ ದಿನದ ಟೇಪು ಹಾಕಿ, ಬಂದ ಪಟ್ಟಿಯನ್ನು ಹಳೆಯ ಕಂಪ್ಯೂಟರು ಆ ದಿನ ಕೊಟ್ಟ ಕಾಗದದ ಪಕ್ಕ ಹಿಡಿದು ನೋಡಿದ. ಹಳೆಯದು ಪ್ರತಿ ಸಂಖ್ಯೆಯನ್ನು ಎರಡು ತುಂಡು ಮಾಡಿ ದೊಡ್ಡ ತುಂಡನ್ನು ಮೊದಲು ಇಡುತ್ತಿತ್ತಂತೆ. ಹೊಸದು ಮೊದಲು ಬಂದದ್ದನ್ನು ಸಣ್ಣದೆಂದು ಓದುತ್ತಿತ್ತಂತೆ, ನಾವು ಹನ್ನೆರಡನ್ನು ಇಪ್ಪತ್ತೊಂದು ಎಂದು ಓದಿದ ಹಾಗೆ. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂರೈವತ್ತಾರು ಒಂದಾಗಿತ್ತು, ಒಂದು ಇನ್ನೂರೈವತ್ತಾರಾಗಿತ್ತು. ಸೊನ್ನೆಯನ್ನು ಹೇಗೆ ತಿರುಗಿಸಿದರೂ ಸೊನ್ನೆಯೇ.

ಅವನು ಫೋನಿಗೆ ಓಡಿ, ಆಳುಗಳನ್ನು ಕೆಳಗಿಳಿಸುವ ಕೇಜು ನಿಲ್ಲಿಸಿದ. ಆಮೇಲೆ ತುಂಡುಗಳನ್ನು ಅದಲು ಬದಲು ಮಾಡಿ ಮತ್ತೆ ಅಚ್ಚು ಹಾಕಿದ. ಮೂಡಣ ಸುರಂಗವೇ ಎಲ್ಲಕ್ಕಿಂತ ಹೆಚ್ಚು ಅದುರಿತ್ತು. ತಪ್ಪು ನನ್ನದು, ಸಾಹೇಬರಿಗೆ ನಾನೇ ಹೇಳುತ್ತೇನೆ, ಅಂದ. ಅವನ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಜಯರಾಮಪ್ಪ ಬಾಗಿಲಿಗೆ ಬಂದ.

"ಅಣ್ಣಾ, ಪಟ್ಟೀನೂ ಈಗ ನೀನ್ ಏಳಿದ್ದೇ ಏಳ್ತದಂತೆ. ಬಾ, ಪಡುವಣದ ಕಡೆ ಇಳಿಯಾನ."

"ನಾಳೆ ಪಟ್ಟಿ ಬೇರೆ ಏಳಿದ್ರೆ?"

ಅವನು ಮೇಜಿನ ಮೇಲಿನ ಹೊಸ ಪಟ್ಟಿಯ ಕಡೆ ನೋಡಿದ. ಯಂತ್ರ ತಪ್ಪು ಓದಿದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅದನ್ನು ತಿದ್ದಬಹುದು, ತಿದ್ದಿಯೂ ಆಯಿತು. ಇವನು ಹುಟ್ಟಿದಾಗಿನಿಂದ ನನ್ನ ಹಿಂದೆ ನಡೆದವನು, ಇವತ್ತು ನನ್ನ ಮಾತು ಬಿಟ್ಟು ಪಟ್ಟಿಯ ಹಿಂದೆ ಹೋಗಿದ್ದ; ಅದನ್ನು ತಿದ್ದುವುದು ಹೇಗೆ.

ತಲೆಯ ಮೇಸ್ತ್ರಿ ಟೋಪಿ ತೆಗೆದು ಅವನ ಕೈಗೆ ಕೊಟ್ಟೆ. ಹೊರಗೆ ನಡೆದು ನಮ್ಮೂರು ಕಾಮಸಮುದ್ರದ ಬಸ್ಸು ಹತ್ತಿದೆ. ಆ ಗಣಿಗೆ ಮತ್ತೆ ಹೋಗಲಿಲ್ಲ.