ಎರಡನೆಯ ಮುಡಿಪು

ಮುನಿವೆಂಕಟನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೆಲಸಕ್ಕೂ ಹೋಗದೆ ಫೋನು ನೋಡುತ್ತಿದ್ದ. ಅವನು ವೆಲ್ಡಿಂಗ್ ಮಾಡುವ ಬಂಗಾರಪೇಟೆಯ ಶೆಡ್ಡಿನಲ್ಲಿ ಮಿಲಿಟರಿ ಲಾರಿಗಳ ಬಾಡಿ ತಯಾರಾಗುತ್ತದೆ. ಸಮುದ್ರದಾಚೆಯ ಪುಟ್ಟ ದೇಶವೊಂದು ಮುಂದಿನ ಹನ್ನೆರಡು ವರ್ಷ ಸೈನ್ಯಕ್ಕೆ ಎಷ್ಟು ಖರ್ಚು ಮಾಡಬೇಕೆಂದು ಇವತ್ತು ಪಾರ್ಲಿಮೆಂಟಿನಲ್ಲಿ ತೀರ್ಮಾನಿಸುವುದಿತ್ತು. ಅವರು ಹೆಚ್ಚು ಖರ್ಚಿಗೆ ಹೂಂ ಅಂದರೆ ಶೆಡ್ಡಿಗೆ ಲಾರಿಗಳ ಆರ್ಡರು, ಇಲ್ಲದಿದ್ದರೆ ಶೆಡ್ಡಿಗೆ ಬೀಗ. ಚಿನ್ನದ ಗಣಿ ಮುಚ್ಚಿದ ಮೇಲೆ ಅಪ್ಪ ಕೋರಮಂಡಲ್‌ನ ಗಣಿ ಕಾಲೋನಿಯಲ್ಲಿ ಕೆಲಸವಿಲ್ಲದೆ ಸುಮ್ಮನೆ ಕೂತಿದ್ದನ್ನು ಅವನು ಕಂಡಿದ್ದ.

"ಗಂಗಮ್ಮಂಗೆ ಇನ್ನೊಂದು ಮುಡಿಪು ಕಟ್ಟು, ಅವ್ರು ಒಪ್ಪಲಿ ಅಂತ!" ಎಂದು ಹೆಂಡತಿ ನಾರಾಯಣಮ್ಮನ ಮೇಲೆ ರೇಗಿದ.

ದೇವರ ಗೂಡಿನಲ್ಲಿ ಅರಿಶಿನ ಬಟ್ಟೆಯ ಗಂಟೊಂದು ಆಗಲೇ ಇತ್ತು. ಮಗ ಸೈನಿಕನಾಗಿ ಗಡಿಗೆ ಹೋದ ದಿನ, ಅಲ್ಲಿ ಯುದ್ಧವಾಗದಿರಲಿ ಎಂದು ಅವಳು ಕಟ್ಟಿಟ್ಟದ್ದು.

ಹೊಸ ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದುತ್ತ ಅವಳು ಕೇಳಿದಳು: "ಅವ್ರಿಗ್ಯಾಕೆ ಅಷ್ಟೊಂದು ಲಾರಿ?"

"ಪಕ್ಕದ ದೇಶದವ್ರು ಮೇಲೆ ಬೀಳ್ತಾರೆ ಅಂತ ಭಯ. ಅವ್ರಿಬ್ರೂ ರಾಜಿ ಆಗ್ಬಿಟ್ರೆ ನಮ್ ಕತೆ ಮುಗೀತು."

ಅವಳ ಕೈ ನಿಂತಿತು. ಒದ್ದೆ ಬಟ್ಟೆಯನ್ನು ಗಂಡನ ಕೈಗೆ ತುರುಕಿದಳು.

"ರಾಜಿ ಆಗೋದು ಬ್ಯಾಡ ಅಂತ ನೀನೇ ಕಟ್ಟು. ಅದಕ್ಕೆ ಮುಂಚೆ, ಮಗನಿಗೆ ಕಟ್ಟಿರೋ ಗಂಟು ಬಿಚ್ಚು."