ಕತ್ತರಿ ಅಕ್ಕನ ಆಕ್ಷೇಪಣೆ

ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಮಹಡಿ ಕಟ್ಟಲು ಅರ್ಜಿ ಬಂದಿದೆ, ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಎಂಬ ಪ್ರಕಟಣೆಯನ್ನು ಕಚೇರಿಯವರು ಆ ಜಾಗದ ಗೇಟಿಗೇ ಅಂಟಿಸಿದ್ದರು. ಆದರೆ ಒಳಮುಖವಾಗಿ. ಬೀಗ ಹಾಕಿದ ಗೇಟು ಹಾರಿ ಒಳಗಿಳಿದರೆ ಮಾತ್ರ ಓದಬಹುದು. ಸಾರ್ವಜನಿಕರು ಅಂದರೆ ಇವರ ಪ್ರಕಾರ ಬೆಕ್ಕುಗಳೇ ಇರಬೇಕು.

ಅದು ಕಣ್ಣಿಗೆ ಬಿದ್ದದ್ದು ಕತ್ತರಿ ಅಕ್ಕ ಒಬ್ಬಳಿಗೇ. ಅವಳು ದರ್ಜಿ, ಕೈಯಂತೆಯೇ ಬಾಯಿಯೂ ಕತ್ತರಿ ಎಂದು ಬೀದಿಯವರು ಇಟ್ಟ ಹೆಸರು ಅದು. ಅವಳ ಹೊಲಿಗೆ ಕೋಣೆಗಿರುವ ಒಂದೇ ಕಿಟಕಿ ಆ ಜಾಗದ ಕಡೆಗೆ ತೆರೆದಿತ್ತು. ವಕೀಲರ ಕರಿ ಕೋಟು ಹೊಲಿಯುವವಳಿಗೆ ಆ ಕಿಟಕಿಯ ಬೆಳಕೇ ಅನ್ನ. ಬಲ್ಬಿನ ಕೆಳಗೆ ಕಪ್ಪು ದಾರವೂ ಕಡುನೀಲಿ ದಾರವೂ ಒಂದೇ ಥರ ಕಾಣುತ್ತವೆ. ಕಪ್ಪೆಂದೇ ನಂಬಿ ಕಡುನೀಲಿಯಲ್ಲಿ ಹೊಲಿದ ಒಂದು ಕೋಟನ್ನು ಅವಳು ಪೂರ್ತಿ ಬಿಚ್ಚಬೇಕಾಗಿ ಬಂದಿತ್ತು.

ಯೋಜನಾ ಕಚೇರಿಗೆ ಹೋದರೆ ಆ ಕಿಟಕಿಯಲ್ಲಿ ಕೇಳಿ, ಈ ಕಿಟಕಿಯಲ್ಲಿ ಕೇಳಿ ಎಂದು ಬೆಳಗ್ಗೆಯೆಲ್ಲ ಅಲೆಸಿದರು. ಕೊನೆಗೆ ಒಬ್ಬ ಗುಮಾಸ್ತ ತಲೆ ಎತ್ತಿದ.

"ಬೆಳಕು ಹೋಗುತ್ತೆ ಅಂತ ಬರೀರಿ, ಅದು ನಡೆಯುತ್ತೆ. ಕಟ್ಟೋನು ಒಳ್ಳೇವನಲ್ಲ ಅಂತ ಬರೆದ್ರೆ ನಡೆಯಲ್ಲ. ಹೆಚ್ಚು ಜನ ಬರೆದಷ್ಟೂ ಒಳ್ಳೇದು."

ಅಷ್ಟು ಸಾಕಾಯಿತು. ಅವತ್ತೇ ಕೂತು, ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಗೋಡೆ ಎದ್ದರೆ ಎಷ್ಟು ಉಳಿಯುತ್ತದೆ ಎಂದು ಅಚ್ಚುಕಟ್ಟಾಗಿ ಬರೆದಳು. ಬಟ್ಟೆ ಕತ್ತರಿಸುವ ಮೂಲ ಅಳತೆಯ ಕಾಗದ ಹೊಲಿಗೆ ಕೋಣೆಯ ಹೊಸ್ತಿಲು ದಾಟಬಾರದು ಎನ್ನುವುದು ಅವಳ ವೃತ್ತಿಯ ಶಿಸ್ತು. ತೋಳು, ಕಾಲರು, ಬೆನ್ನಿನ ಕಾಗದಗಳೆಲ್ಲ ತೂಗುವ ಮೊಳೆಗೇ ಇದನ್ನೂ ಸಿಕ್ಕಿಸಿದಳು. ಬೀದಿಯವರು ಒಬ್ಬೊಬ್ಬರಾಗಿ ಬಂದು, ನೋಡಿ ಬರೆದುಕೊಂಡು, ಮತ್ತೆ ಮೊಳೆಗೆ ಸಿಕ್ಕಿಸಿ ಹೋದರು.

ಅವಳು ಒಯ್ದ ನಕಲುಗಳ ಕಟ್ಟು ನೋಡಿ ಗುಮಾಸ್ತ ನಿಟ್ಟುಸಿರುಬಿಟ್ಟ. "ಏನಮ್ಮ ಇದು, ಎಲ್ಲಾ ಒಂದೇ ಅಚ್ಚು. ಇವೆಲ್ಲ ಸೇರಿ ಒಂದೇ ಆಕ್ಷೇಪಣೆ ಅಂತ ಲೆಕ್ಕ."

"ಇಡೀ ಬೀದಿ ಸೇರಿ ಒಂದಾ? ಇದನ್ನ ಮೊದಲೇ ಹೇಳೋಕೆ ನಿಮ್ಮ ಬಾಯಿಗೆ ಏನಾಗಿತ್ತು?"

"ನೀವು ಕೇಳ್ಲಿಲ್ಲ."

ಮೈಯೆಲ್ಲ ಉರಿದುಹೋಯಿತು. ಕಟ್ಟನ್ನು ಕಿತ್ತುಕೊಂಡು ಬಂದು, ಮನೆಮನೆ ಬಾಗಿಲು ತಟ್ಟಿದಳು. "ನಿಮ್ಮ ನಿಮ್ಮ ಮಾತಲ್ಲೇ ಬರೀರಿ, ದಮ್ಮಯ್ಯ ಅಂತೀನಿ." ಬೇಕರಿಯವನು ನಾಳೆ ಅಂದ. ಅದೇ ಬೀದಿಯಲ್ಲಿದ್ದ ಅವಳ ಓರಗಿತ್ತಿಗೆ ಪೆನ್ನು ಸಿಗಲಿಲ್ಲ, ಪೆನ್ನು ಕೊಟ್ಟರೆ ಕನ್ನಡಕ ಸಿಗಲಿಲ್ಲ. ಗಡುವು ಮುಗಿಯುವ ಸಂಜೆ ಇವಳು ಎಲ್ಲರ ಕಾಗದ ಚೀಲಕ್ಕೆ ತುಂಬಿಕೊಂಡು ಓಡಿ, ಬಾಗಿಲು ಹಾಕುತ್ತಿದ್ದ ಗುಮಾಸ್ತನ ಕೈಗೆ ತುರುಕಿ ಬಂದಳು. ಯಾರು ಏನು ಬರೆದಿದ್ದಾರೆಂದು ನೋಡುವ ಪುರಸೊತ್ತು ಎಲ್ಲಿತ್ತು?

ಆಕ್ಷೇಪಣೆ ಕೇಳುವ ಸಭೆಯ ದಿನ ಬೀದಿಗೆ ಬೀದಿಯೇ ಬಂದು ಕೂತಿತು. ಅಧ್ಯಕ್ಷೆ ಒಂದೊಂದಾಗಿ ಓದಿದರು. ಓರಗಿತ್ತಿ ತನ್ನ ಮನೆ ಮುಂದೆ ಲಾರಿ ನಿಲ್ಲಿಸಬಾರದು ಎಂದಿದ್ದಳು. ಬೇಕರಿಯವನಿಗೆ ಸಿಮೆಂಟಿನ ಧೂಳಿನ ಚಿಂತೆ. ಇನ್ನೊಬ್ಬರಿಗೆ ಚರಂಡಿ, ಮತ್ತೊಬ್ಬರಿಗೆ ಸದ್ದು. ಸ್ವಂತ ಮಾತಲ್ಲಿ ಬರೀರಿ ಎಂದರೆ ಎಲ್ಲರೂ ಸ್ವಂತದ್ದನ್ನೇ ಬರೆದಿದ್ದರು. ಕತ್ತರಿ ಅಕ್ಕ ಹಲ್ಲು ಕಚ್ಚಿಕೊಂಡು ತನ್ನ ಸರದಿಗೆ ಕಾದಳು.

"ಬೆಳಕಿನ ಬಗ್ಗೆ ಯಾರ ಆಕ್ಷೇಪಣೆಯೂ ಇಲ್ಲ," ಎಂದು ಅಧ್ಯಕ್ಷೆ ಹಾಳೆ ಮಗುಚಿದರು.

ಅವಳು ಎದ್ದು ನಿಂತಳು. "ನಂದಿದೆ. ಮೊದಲು ಬರೆದೋಳೇ ನಾನು."

ಗುಮಾಸ್ತ ಕಡತವನ್ನು ಹಿಂದೆ ಮುಂದೆ ತಿರುವಿ ನೋಡಿದ. ಪಾಪ, ನಿಜವಾಗಿಯೂ ಹುಡುಕಿದ. "ನಿಮ್ಮದು ಇಲ್ಲಮ್ಮ. ಕೊಟ್ಟೋರು ಮಾತ್ರ ಇಲ್ಲಿ ಮಾತಾಡಬಹುದು."

ಆಗ ಅವಳಿಗೆ ಮೊಳೆ ನೆನಪಾಯಿತು. ಎಲ್ಲರ ಕಾಗದ ತಂದವಳು ತನ್ನದನ್ನು ಅಲ್ಲೇ ಬಿಟ್ಟಿದ್ದಳು. ಕೂತುಬಿಟ್ಟಳು. ಈ ಸಲ ಗುಮಾಸ್ತನನ್ನು ಬೈಯುವಂತೆಯೂ ಇರಲಿಲ್ಲ. ಆ ಒಂದೇ ಅಚ್ಚಿನ ಕಟ್ಟನ್ನು ಅವತ್ತು ಅಲ್ಲೇ ಬಿಟ್ಟು ಬಂದಿದ್ದರೂ ಬೆಳಕಿನದು ಅಂತ ಒಂದು ಆಕ್ಷೇಪಣೆ ಉಳಿಯುತ್ತಿತ್ತು.

ಅರ್ಜಿಗೆ ಒಪ್ಪಿಗೆ ಸಿಕ್ಕಿತು, ಷರತ್ತುಗಳೊಂದಿಗೆ. ಲಾರಿ ಹಿಂದಿನ ರಸ್ತೆಯಲ್ಲಿ ನಿಲ್ಲಬೇಕು, ಧೂಳಿಗೆ ಪರದೆ ಕಟ್ಟಬೇಕು, ಚರಂಡಿ ಸರಿಮಾಡಿಕೊಡಬೇಕು.

ಅವಳು ಮನೆಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಓರಗಿತ್ತಿ ಹಿಂದೆಯೇ ಬಂದಳು, ಮುಖ ಊರಗಲ.

"ಅಕ್ಕಾ, ನೀವು ಬೆನ್ನು ಹತ್ತದೇ ಇದ್ದಿದ್ರೆ ನಮ್ಮ ಮಾತು ಯಾರು ಕೇಳ್ತಿದ್ರು ಹೇಳಿ. ಎಲ್ಲಾ ನಿಮ್ಮಿಂದಲೇ ಆಗಿದ್ದು."

"ಹೌದಮ್ಮ," ಎಂದಳು ಕತ್ತರಿ ಅಕ್ಕ. "ಎಲ್ಲಾ ನನ್ನಿಂದಲೇ ಆಗಿದ್ದು."

ಓರಗಿತ್ತಿ ಹೋದ ಮೇಲೆ ಕತ್ತರಿ ಅಕ್ಕ ಮೊಳೆಯಿಂದ ಆ ಕಾಗದ ಬಿಡಿಸಿ ನೋಡಿದಳು. ಅಷ್ಟು ಕೈ ಬದಲಾಗಿ ಅಂಚೆಲ್ಲ ಮೆತ್ತಗಾಗಿತ್ತು. ಅಳು ಬಂತು, ಅದರ ಬೆನ್ನಿಗೇ ಅಳುವಿನ ಮೇಲೂ ಸಿಟ್ಟು ಬಂತು. ಅರ್ಧ ಹೊಲಿದ ಕರಿ ಕೋಟು ಮೇಜಿನ ಮೇಲಿತ್ತು. ಹೊರಗೆ ಇನ್ನೂ ಬಿಸಿಲಿತ್ತು. ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.